ಡ್ಯಾಶ್‌ಬೋರ್ಡ್ ಬಿಚ್ಚದೆ ಕಟ್ಟಿಕೊಂಡ ಹೀಟರ್ ಕೋರ್ ತೊಳೆದು ತೆರೆದೆ: ನನ್ನ ಅನುಭವ

ಹೀಟರ್ ಕೋರ್ ಎಂದರೆ ಎಂಜಿನ್ನಿನ ಬಿಸಿ ದ್ರವ ಹರಿದು ಕಾರಿನೊಳಗಿನ ಗಾಳಿಯನ್ನು ಕಾಯಿಸುವ ಪುಟ್ಟ ರೇಡಿಯೇಟರ್. ಅದು ಕೊಳೆಯಿಂದ ಕಟ್ಟಿಕೊಂಡರೆ ಮತ್ತೆ ಬಿಡುವುದಿಲ್ಲ, ಹೊಸದು ಹಾಕಲೇಬೇಕು, ಅದಕ್ಕೆ ಇಡೀ ಡ್ಯಾಶ್‌ಬೋರ್ಡ್ ಕೆಳಗಿಳಿಸಬೇಕು ಎಂದು ನನಗೆ ಹೇಳದವರಿಲ್ಲ. ನನ್ನ ಹಳೆಯ ಕಾರಿನ ಹೀಟರ್ ಈಗ ಎರಡನೆಯ ಚಳಿಗಾಲವನ್ನೂ ದಾಟಿದೆ. ಪಾದದ ಹತ್ತಿರದ ಕಿಂಡಿಗೆ ಕೈ ಒಡ್ಡಿದರೆ ಹೆಚ್ಚು ಹೊತ್ತು ಹಿಡಿಯಲಾಗುವುದಿಲ್ಲ, ಅಷ್ಟು ಬಿಸಿ. ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ಕೂಡ ನಾನು ತಿರುಗಿಸಿಲ್ಲ. ಒಂದೇ ಚಳಿಗಾಲಕ್ಕೆ ಬರೆದಿದ್ದರೆ ಅದೃಷ್ಟ ಎನ್ನುತ್ತಿದ್ದರು, ಅದಕ್ಕೇ ಇಷ್ಟು ಕಾದೆ.

ನನ್ನದು ಎರಕದ ಕಬ್ಬಿಣದ ಬ್ಲಾಕ್ ಇರುವ ಪೆಟ್ರೋಲ್ ಎಂಜಿನ್. ಹಿಂದಿನ ಮಾಲೀಕರು ವರ್ಷಗಟ್ಟಲೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬದಲು ನಲ್ಲಿ ನೀರನ್ನೇ ತುಂಬಿದ್ದರು, ನಡುವೆ ಯಾವಾಗಲೋ ರೇಡಿಯೇಟರ್ ಸೋರಿಕೆ ನಿಲ್ಲಿಸುವ ಪುಡಿಯನ್ನೂ ಸುರಿದಿದ್ದರು. ಇಂಥ ಪುಡಿ ತೂತನ್ನು ಹುಡುಕಿಕೊಂಡು ಹೋಗುವುದಿಲ್ಲ, ಎಲ್ಲಿ ದಾರಿ ಕಿರಿದೋ ಅಲ್ಲಿ ಕೂರುತ್ತದೆ. ಇಡೀ ಕೂಲಿಂಗ್ ವ್ಯವಸ್ಥೆಯಲ್ಲಿ ಹೀಟರ್ ಕೋರಿನ ಕೊಳವೆಗಳಿಗಿಂತ ಕಿರಿದಾದ ಜಾಗ ಕಡಿಮೆ.

ಹೀಟರ್ ಬಿಸಿ ಗಾಳಿ ಕೊಡದಿದ್ದಾಗ ಥರ್ಮೋಸ್ಟಾಟ್ ಹೊಸದು ಹಾಕಿ ನೋಡಿದ್ದೆ, ಕೂಲೆಂಟಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದಿದ್ದೆ, ಹೀಟರ್ ವಾಲ್ವ್ ಕಳಚಿ ಬಾಯಲ್ಲಿ ಊದಿ ಪರೀಕ್ಷಿಸಿದ್ದೆ. ಎಲ್ಲ ಸರಿ. ಆದರೂ ಫೈರ್‌ವಾಲ್ (ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ಗೋಡೆ) ಹತ್ತಿರ ಕೋರಿನ ಒಳಗೆ ಹೋಗುವ ಹೋಸ್ 80 ಡಿಗ್ರಿಯ ಆಸುಪಾಸು, ಹೊರಗೆ ಬರುವ ಹೋಸ್ 40ರ ಮೇಲೆ ಏರುತ್ತಲೇ ಇರಲಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ರಬ್ಬರಿನ ಮೇಲೆಯೇ ಅಳೆಯಿರಿ. ಹೊಳೆಯುವ ಲೋಹದ ಪೈಪಿನ ಮೇಲೆ ಹಿಡಿದರೆ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಎಷ್ಟೋ ಜನ ಅದನ್ನು ನಂಬಿ ತಪ್ಪು ಭಾಗ ಬಿಚ್ಚಿದ್ದಾರೆ. ಎರಡೂ ಹೋಸ್ ಸಮನಾಗಿ ಬಿಸಿಯಿದ್ದು ಒಳಗೆ ಗಾಳಿ ತಣ್ಣಗಿದ್ದರೆ ಈ ಬರಹ ನಿಮಗಲ್ಲ, ಬಿಸಿ ಮತ್ತು ತಣ್ಣನೆಯ ಗಾಳಿ ಬೆರೆಸುವ ಬಾಗಿಲು, ನಿಮ್ಮ ಬ್ಲೆಂಡ್ ಡೋರ್ ನೋಡಿ.

ಹಣದ ವಿಷಯ. ಕೋರಿನ ಬೆಲೆ ಒಂದು ಪಾಲು ಎಂದರೆ ಅದನ್ನು ಕೂರಿಸುವ ಕೂಲಿ ಏಳೆಂಟು ಪಾಲು. ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಕ್ಲಿಪ್‌ಗಳು ಬಿಸಿಲಿಗೆ ಒಣಗಿ ಪುಡಿಯಾಗುವಂತಿರುತ್ತವೆ, ಬಿಚ್ಚಿದಾಗ ಅರ್ಧದಷ್ಟು ಮುರಿಯುತ್ತವೆ. ಆಮೇಲೆ ಜೀವಮಾನವಿಡೀ ಡ್ಯಾಶ್‌ಬೋರ್ಡ್ ಕಟಕಟ ಎನ್ನುತ್ತದೆ. ಕೂಲಿಗಿಂತ ನನಗೆ ಆ ಸದ್ದಿನ ಭಯವೇ ಹೆಚ್ಚಾಗಿತ್ತು.

ಮೊದಲು ಎಲ್ಲರಂತೆ ನಾನೂ ಕೂಲಿಂಗ್ ವ್ಯವಸ್ಥೆ ತೊಳೆಯುವ ಸಿದ್ಧ ಫ್ಲಶ್ ಬಾಟಲಿಗಳನ್ನು ತಂದೆ. ಅವಕ್ಕೆ ಕೊಟ್ಟ ಹಣದಲ್ಲಿ ಹೊಸ ಕೋರಿನ ಅರ್ಧ ಬೆಲೆ ಹೋಯಿತು. ರೇಡಿಯೇಟರಿಗೆ ಸುರಿದು ಎಂಜಿನ್ ಓಡಿಸಿದರೆ ಆ ದ್ರವ ಸುಲಭದ ದಾರಿ ಹಿಡಿದು ಬ್ಲಾಕ್ ಮತ್ತು ರೇಡಿಯೇಟರ್ ನಡುವೆ ಸುತ್ತುತ್ತದೆ. ಕೋರ್ ಎಷ್ಟು ಹೆಚ್ಚು ಕಟ್ಟಿರುತ್ತದೋ ಔಷಧ ಅಲ್ಲಿಗೆ ಅಷ್ಟು ಕಡಿಮೆ ಮುಟ್ಟುತ್ತದೆ. ಜೊತೆಗೆ ಬ್ಲಾಕಿನಲ್ಲಿ ಸುಮ್ಮನೆ ಕೂತಿದ್ದ ತುಕ್ಕನ್ನೂ ಎಬ್ಬಿಸಿ ಕೋರಿಗೇ ತಂದು ತುರುಕುತ್ತದೆ. ನನ್ನ ಕಾರಿನಲ್ಲಿ ಬಾಟಲಿ ಹಾಕಿದ ಮೇಲೆ ಹೀಟರ್ ಇನ್ನಷ್ಟು ತಣ್ಣಗಾಯಿತು.

ಆಮೇಲೆ ತೋಟದ ಪೈಪಿನಿಂದ ಉಲ್ಟಾ ಫ್ಲಶ್, ಅಂದರೆ ಕೋರಿನ ಹೊರಬರುವ ಬಾಯಿಂದ ನೀರು ಬಿಡುವುದು. ಕೆಂಪು ನೀರು ಬಂತು, ಸ್ವಲ್ಪ ಹೊತ್ತಿಗೆ ತಿಳಿಯಾಯಿತು, ಹೀಟರ್ ಬಿಸಿಯಾಯಿತು. ಎರಡು ವಾರದೊಳಗೆ ಮತ್ತೆ ಅದೇ ಕಥೆ. ಇಲ್ಲಿಯೇ ಬಹಳ ಜನ ಕೈ ಬಿಡುವುದು. ಕೋರಿನೊಳಗಿನ ಕೊಳವೆಗಳು ಸಮಾನಾಂತರವಾಗಿವೆ, ಎರಡು ತೆರೆದರೆ ಸಾಕು, ನೀರೆಲ್ಲ ಆ ಎರಡರಲ್ಲೇ ಹೋಗುತ್ತದೆ. ಉಳಿದವುಗಳ ಕೊಳೆ ಅಲುಗುವುದೇ ಇಲ್ಲ. ತಿಳಿನೀರು ಬಂತು ಎಂದರೆ ಕೋರ್ ಸ್ವಚ್ಛವಾಯಿತು ಎಂದಲ್ಲ. ಒತ್ತಡ ಹೆಚ್ಚಿಸಿದರೆ ಬಿಡುತ್ತದೆ ಎನ್ನುವವರಿಗೆ ಒಂದು ಮಾತು: ರೇಡಿಯೇಟರ್ ಕ್ಯಾಪ್ ಸಾಮಾನ್ಯವಾಗಿ 13ರಿಂದ 16 ಪಿಎಸ್‌ಐಗೆ ತೆರೆದುಕೊಳ್ಳುತ್ತದೆ, ಕೋರ್ ದಿನನಿತ್ಯ ಕಾಣುವುದು ಅಷ್ಟನ್ನೇ. ನಲ್ಲಿಯಲ್ಲಿ 40 ಪಿಎಸ್‌ಐ ದಾಟುವುದು ದೊಡ್ಡ ವಿಷಯವಲ್ಲ. ಗೆಳೆಯರೊಬ್ಬರ ಕಾರಿನಲ್ಲಿ ಕಂಪ್ರೆಸರ್ ಹಚ್ಚಿದವರು ಕೋರಿನ ತೊಟ್ಟಿಯ ಬೆಸುಗೆಯನ್ನೇ ಬಿಡಿಸಿದರು, ಕಾರ್ಪೆಟ್ ತುಂಬ ಕೂಲೆಂಟ್.

ವಿನೆಗರ್ ತುಂಬಿ ರಾತ್ರಿಯಿಡೀ ಬಿಡುವುದನ್ನೂ ಮಾಡಿದೆ. ಹೆಚ್ಚೇನೂ ಆಗಲಿಲ್ಲ. ಅಡುಗೆಯ ವಿನೆಗರಿನಲ್ಲಿ ಆಮ್ಲ ಸುಮಾರು 5 ಪ್ರತಿಶತ, ಅದೂ ತಣ್ಣಗೆ, ಅದೂ ನಿಂತಲ್ಲೇ. ಪದರಕ್ಕೆ ತಾಗಿದಷ್ಟು ಆಮ್ಲ ಮುಗಿದ ಮೇಲೆ ಹೊಸದು ಅಲ್ಲಿಗೆ ಹೋಗಬೇಕಲ್ಲ.

ಆಗ ಒಳಗಿರುವುದು ಏನೆಂದು ತಿಳಿಯದೆ ಮುಂದೆ ಹೋಗಬಾರದು ಎನಿಸಿತು. ಕೋರಿನ ಪೈಪಿನ ಬಾಯಿಯಿಂದ ಕೆರೆದ ಚೂರುಗಳನ್ನು ಗಾಜಿನ ಸೀಸೆಗಳಲ್ಲಿ ಹಾಕಿ ಬೇರೆ ಬೇರೆ ದ್ರವ ಸುರಿದು ಸಾಲಾಗಿ ಇಟ್ಟೆ. ತಣ್ಣನೆಯ ವಿನೆಗರಿನಲ್ಲಿ ಮರುದಿನವೂ ಚೂರು ಚೂರಾಗಿಯೇ ಇತ್ತು. ಬಿಸಿ ಸಿಟ್ರಿಕ್ ಆಸಿಡ್‌ನಲ್ಲೂ ಮೊದಲು ಏನೂ ಆಗಲಿಲ್ಲ, ಇದು ನನಗೆ ಅಚ್ಚರಿ. ಬೆರಳಲ್ಲಿ ಉಜ್ಜಿ ನೋಡಿದರೆ ಚೂರಿನ ಮೇಲೆ ಜಾರುವ ಎಣ್ಣೆಯ ಪೊರೆ. ಅದನ್ನು ಬಿಸಿ ಸೋಪಿನ ನೀರಲ್ಲಿ ತೊಳೆದು ಮತ್ತೆ ಆಸಿಡ್‌ಗೆ ಹಾಕಿದಾಗ ಗುಳ್ಳೆಗಳು ಏಳತೊಡಗಿದವು. ಗುಳ್ಳೆ ಬಂದರೆ ಗಡಸು ನೀರಿನ ಸುಣ್ಣ, ಉಳಿದ ಕಪ್ಪು ಕಣಗಳು ಅಯಸ್ಕಾಂತಕ್ಕೆ ಅಂಟಿದರೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್. ನನ್ನದರಲ್ಲಿ ಎರಡೂ ಇದ್ದವು. ನನ್ನ ವಿಧಾನದ ಹುರುಳೆಲ್ಲ ಇಷ್ಟೇ: ಮೊದಲು ಎಣ್ಣೆ ಬಿಡಿಸಬೇಕು, ಆಮೇಲೆ ಆಮ್ಲ, ಅದೂ ಬಿಸಿಯಾಗಿ, ಹರಿಯುತ್ತಲೇ ಇರಬೇಕು. ಕ್ರಮ ತಪ್ಪಿದರೆ ಯಾವ ಆಸಿಡ್ ಹಾಕಿದರೂ ಹಣ ದಂಡ.

ಇದೇ ಹೊತ್ತಿನಲ್ಲಿ ಇನ್ನೊಂದು ಪ್ರಯೋಗ. ಚರಂಡಿ ಬಿಡಿಸುವ ಕಾಸ್ಟಿಕ್ ಸೋಡಾ ಹಾಕಿದರೆ ಒಂದೇ ಏಟಿಗೆ ಆಗುತ್ತದೆ ಎಂದು ಒಬ್ಬರು ಹಟ ಹಿಡಿದಿದ್ದರು. ರೇಡಿಯೇಟರಿನ ಹಳೆಯ ಅಲ್ಯೂಮಿನಿಯಂ ಫಿನ್ನಿನ (ತೆಳು ರೆಕ್ಕೆಯ) ತುಂಡೊಂದನ್ನು ಬಯಲಿನಲ್ಲಿ ಆ ದ್ರಾವಣಕ್ಕೆ ಹಾಕಿ ತೋರಿಸಿದೆ. ಕುದಿದಂತೆ ನೊರೆ ಬಂದು ಫಿನ್ ತೂತುತೂತಾಯಿತು. ಏಳುವುದು ಹೈಡ್ರೋಜನ್, ಹತ್ತಿರ ಬೆಂಕಿ ಇದ್ದರೆ ಹೊತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂ ಕೋರ್ ಇರುವವರು ಕಾಸ್ಟಿಕ್ ಹತ್ತಿರವೂ ಹೋಗಬೇಡಿ. ನನ್ನದು ತಾಮ್ರ-ಹಿತ್ತಾಳೆಯದು. ಪೈಪಿನ ತುದಿಯನ್ನು ಅರದಿಂದ ಒಂದು ಗೀರು ಎಳೆದರೆ ಹಳದಿ ಕಾಣುತ್ತದೆ, ಬೆಳ್ಳಗಿದ್ದರೆ ಅಲ್ಯೂಮಿನಿಯಂ.

ಹೋಸ್ ಬಿಚ್ಚುವಾಗ ಎಳೆಯಬೇಡಿ, ತಿರುಚಬೇಡಿ. ಕೋರಿನ ಪೈಪ್ ತೆಳು, ಬೆಸುಗೆ ಹಳತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಸುಲಿದಂತೆ ತೆಗೆಯಿರಿ. ಹೋಸ್ ಹೋಗುತ್ತದೆ, ಹೋಗಲಿ, ಕೋರಿನ ಮುಂದೆ ಅದರ ಬೆಲೆ ಏನೂ ಅಲ್ಲ. ಬಸಿದ ಕೂಲೆಂಟನ್ನು ಮುಚ್ಚಿಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಶುರು ಮಾಡುವ ಮೊದಲು ಒಂದು ಅಳತೆ. ಬಾನೆಟ್ ಎತ್ತರದಲ್ಲಿ ಬಕೆಟ್ ಇಟ್ಟು, ಅದರಿಂದ ಕೋರಿನ ಮೂಲಕ ನೀರು ತಾನಾಗಿ ಇಳಿಯಲು ಬಿಟ್ಟೆ. ನಾಲ್ಕು ಲೀಟರ್ ಇಳಿಯಲು ಮೂರು ನಿಮಿಷದ ಮೇಲಾಯಿತು. ಕೋರ್ ಇಲ್ಲದೆ ಬರೀ ಹೋಸಿನಲ್ಲಿ ಅದೇ ನೀರು ಅರ್ಧ ನಿಮಿಷದೊಳಗೆ ಇಳಿಯುತ್ತಿತ್ತು. ಈ ಎರಡು ಅಂಕಿ ಇಲ್ಲದೆ ಕೆಲಸ ಶುರು ಮಾಡಿದರೆ ಎಲ್ಲಿ ನಿಲ್ಲಿಸಬೇಕೆಂಬುದೇ ಗೊತ್ತಾಗುವುದಿಲ್ಲ.

ಜೋಡಣೆ ಸರಳ. ಪ್ಲಾಸ್ಟಿಕ್ ಬಕೆಟ್, ಅದರೊಳಗೆ 12 ವೋಲ್ಟಿನ ಮುಳುಗುವ ಪಂಪ್, ಹೋಗುವ ಹೋಸ್, ಬರುವ ಹೋಸ್. ಬರುವ ಹೋಸಿನ ತುದಿಗೆ ನೈಲಾನ್ ಕಾಲುಚೀಲದ ತುಂಡು ಕಟ್ಟಿದೆ, ಬಕೆಟ್ಟಿನ ತಳದಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತ. ಕಸ ಮತ್ತೆ ಕೋರಿಗೆ ಹೋಗದಂತೆ ತಡೆಯುವುದೇ ಅರ್ಧ ಕೆಲಸ. ದ್ರಾವಣವನ್ನು ಬೇರೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಸುರಿಯುತ್ತಿದ್ದೆ, 60 ಡಿಗ್ರಿಯಷ್ಟು. ಸತು ಲೇಪಿಸಿದ ಬಕೆಟ್ ಬೇಡ, ಆಸಿಡ್ ಸತುವನ್ನೇ ತಿಂದು ಮುಗಿಯುತ್ತದೆ. ಪಂಪ್ ಎಷ್ಟು ಬಿಸಿ ತಾಳುತ್ತದೆ ಎಂದು ನೋಡಿಕೊಳ್ಳಿ, ಅಗ್ಗದ ಅಕ್ವೇರಿಯಂ ಪಂಪ್ ಬಿಸಿಗೆ ಸುಟ್ಟುಹೋಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡೇ ಕೆಲಸ.

ಮೊದಲ ಸುತ್ತು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ, ನೊರೆ ಬಾರದ ಪುಡಿ. ಮಾಮೂಲಿ ಸೋಪು ನೊರೆಯೆದ್ದು ಪಂಪನ್ನೇ ನಿಲ್ಲಿಸುತ್ತದೆ. ಈ ಪುಡಿ ಕ್ಷಾರೀಯ, ಅಲ್ಯೂಮಿನಿಯಂ ಕೋರಿಗೆ ಒಳ್ಳೆಯದಲ್ಲ, ತಾಮ್ರಕ್ಕೆ ನಡೆಯುತ್ತದೆ. ಎಷ್ಟು ಹಾಕಿದೆ, ಅದರ ಜೊತೆ ಇನ್ನೇನು ಬೆರೆಸಿದೆ ಎಂಬುದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಬಕೆಟ್ಟಿನ ಮೇಲೆ ಎಣ್ಣೆಯ ಬಣ್ಣಗಳು ತೇಲಿದವು, ನೀರು ಕಪ್ಪು ಬಗ್ಗಡವಾಯಿತು. ಬರುವ ನೀರಿನಲ್ಲಿ ಎಣ್ಣೆ ಕಾಣದಾಗುವವರೆಗೆ ಬದಲಿಸುತ್ತ ಹೋದೆ.

ಚೆನ್ನಾಗಿ ಜಾಲಿಸಿ ಆಮೇಲೆ ಸಿಟ್ರಿಕ್ ಆಸಿಡ್, ಲೀಟರಿಗೆ ಸುಮಾರು 60 ಗ್ರಾಂ. ಮೊದಲ ಹದಿನೈದು ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬರುವ ಹೋಸಿನಿಂದ ಸಣ್ಣ ಗುಳ್ಳೆಗಳು, ಅದರ ಹಿಂದೆಯೇ ಕಂದು ಚಕ್ಕೆಗಳು. ನಿಂತು ನೋಡುತ್ತಿದ್ದವರೊಬ್ಬರು "ಇದು ಕೋರೇ ಕರಗಿ ಬರ್ತಿದೆ ಕಣ್ರೀ" ಎಂದರು. ಚಕ್ಕೆ ಬೆರಳಲ್ಲಿ ಪುಡಿಯಾಯಿತು, ಲೋಹವಲ್ಲ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹೋಸ್ ಅದಲು ಬದಲು ಮಾಡಿ ಹರಿವಿನ ದಿಕ್ಕು ತಿರುಗಿಸುತ್ತಿದ್ದೆ. ಪ್ರತಿ ಸಲ ದಿಕ್ಕು ತಿರುಗಿದಾಗ ಮೊದಲ ಕೆಲವು ಸೆಕೆಂಡಿನಲ್ಲೇ ಹೆಚ್ಚು ಕಸ ಬರುತ್ತದೆ, ಗಮನಿಸಿ. ಹರಿವನ್ನು ತಡೆದು ಬಿಡುವ ಒಂದು ರೀತಿಯೂ ಇದೆ, ಕೊನೆಯ ಹಟಮಾರಿ ಕೊಳವೆಗಳು ತೆರೆದದ್ದು ಅದರಿಂದಲೇ. ಕೋರ್ ಎಷ್ಟು ಗಟ್ಟಿ ಎಂದು ಕಣ್ಣಾರೆ ನೋಡದೆ ಅದನ್ನು ಹೇಳಿಕೊಡುವುದಿಲ್ಲ.

ದ್ರಾವಣದ ಬಣ್ಣವನ್ನು ನೋಡುತ್ತಿರಿ. ಹಳದಿ, ಕಂದು ಇದ್ದರೆ ಕಬ್ಬಿಣ, ಒಳ್ಳೆಯದು. ನೀಲಿ-ಹಸಿರು ಛಾಯೆ ಕಂಡರೆ ತಾಮ್ರ ಕರಗತೊಡಗಿದೆ, ಆ ಕ್ಷಣವೇ ನಿಲ್ಲಿಸಿ. ನನಗೆ ಕೊನೆಯ ಬಕೆಟ್ಟಿನಲ್ಲಿ ತುಸು ಹಸಿರು ತಿರುಗಿದಂತೆ ಕಂಡಿತು, ಅಲ್ಲಿಗೆ ಪಂಪ್ ಆರಿಸಿದೆ. ಒಟ್ಟು ಒಂದು ವಾರಾಂತ್ಯದ ಕೆಲಸ. ಅಡುಗೆ ಸೋಡಾ ಬೆರೆಸಿದ ನೀರು ಸುತ್ತಿಸಿ ಆಮ್ಲದ ಉಳಿಕೆ ಕಳೆದೆ, ಆಮೇಲೆ ಡಿಸ್ಟಿಲ್ಡ್ ವಾಟರ್.

ನಾಲ್ಕು ಲೀಟರ್ ನೀರು ಈಗ ಅರ್ಧ ನಿಮಿಷದ ಸುಮಾರಿಗೆ ಇಳಿಯಿತು. ಬರೀ ಹೋಸಿಗೂ ಕೋರಿಗೂ ಹೆಚ್ಚಿನ ವ್ಯತ್ಯಾಸ ಉಳಿಯಲಿಲ್ಲ. ಇಷ್ಟು ತೆರೆದ ಹಳೆಯ ಕೋರನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಕೊಳೆಯೇ ತೂತು ಮುಚ್ಚಿರುತ್ತದೆ, ತೆಗೆದರೆ ಸೋರುತ್ತದೆ ಎಂಬ ವಾದ ಸುಳ್ಳಲ್ಲ. ಒಳಗಿಂದಲೇ ತಿಂದುಹೋದ ಕೋರ್ ಆಗಿದ್ದರೆ ಹಾಗೇ ಆಗುತ್ತದೆ. ಅದಕ್ಕೇ ಹೋಸ್ ಹಾಕುವ ಮೊದಲು ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಮೀಟರ್ ಇರುವ ಕೈಪಂಪ್ ಹಚ್ಚಿ 15 ಪಿಎಸ್‌ಐವರೆಗೆ ಏರಿಸಿ ಬಿಟ್ಟೆ. ಊಟ ಮುಗಿಸಿ ಬಂದರೂ ಮುಳ್ಳು ಅಲ್ಲೇ ಇತ್ತು. ಮೊದಲೇ ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡಿನ ಮಂಜು, ಕಾರ್ಪೆಟ್ ಒದ್ದೆ ಇದ್ದರೆ ಕೋರ್ ಸತ್ತಿದೆ, ಹೊಸದೇ ಹಾಕಿ.

ಹೊಸ ಹೋಸ್, ಹೊಸ ಕ್ಲಿಪ್, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್. ಕಾರಿನ ಮೂಗು ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಗಾಳಿ ತೆಗೆದೆ. ಒಳಹೋಗುವ ಹೋಸ್ 80ರ ಮೇಲೆ, ಹೊರಬರುವುದು 70ರ ಹತ್ತಿರ. ಕಿಂಡಿಯ ಗಾಳಿ ಮೊದಲು 30 ದಾಟುತ್ತಿರಲಿಲ್ಲ, ಈಗ 55ರಿಂದ 60. ಎಡಬಲ ಎರಡೂ ಕಡೆ ಸಮ. ಮೊದಲು ದಂಡವಾದ ಬಾಟಲಿಗಳನ್ನು ಬಿಟ್ಟರೆ ಈ ವಿಧಾನದ ಖರ್ಚು, ಪಂಪ್ ಸೇರಿಸಿದರೂ ಹೊಸ ಕೋರಿನ ಬೆಲೆಯ ಮೂರನೆಯ ಒಂದು ಭಾಗ ಆಗಿಲ್ಲ. ಪಂಪ್ ಈಗ ಗೆಳೆಯರ ಮನೆಗಳನ್ನು ಸುತ್ತುತ್ತಿದೆ.

ಬ್ಲಾಕಿನಲ್ಲಿ ತುಕ್ಕು ಇನ್ನೂ ಇದೆ, ಅದು ಮತ್ತೆ ಕೋರಿಗೆ ಬರಬಾರದೆಂದು ಒಳಹೋಗುವ ಹೋಸಿನ ನಡುವೆ ಬಿಚ್ಚಿ ತೊಳೆಯಬಹುದಾದ ಜಾಲರಿ ಫಿಲ್ಟರ್ ಕೂರಿಸಿದ್ದೇನೆ. ಮೊದಲ ತಿಂಗಳಲ್ಲೇ ಅದು ಅರ್ಧ ತುಂಬಿತ್ತು, ನೋಡದೆ ಬಿಟ್ಟಿದ್ದರೆ ಅದೇ ಇನ್ನೊಂದು ಅಡ್ಡಗಟ್ಟೆಯಾಗುತ್ತಿತ್ತು. ಈಗ ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಬಿಚ್ಚುತ್ತೇನೆ, ಕಳೆದ ಸಲ ಚಿಟಿಕೆಯಷ್ಟು ಕಪ್ಪು ಪುಡಿ ಮಾತ್ರ ಇತ್ತು. ಮುಂದಿನ ಕೆಲಸ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ ಇದೇ ಕ್ರಮದಲ್ಲಿ ಅದನ್ನೂ ತೊಳೆಯುವುದು. ಪ್ಲಗ್ ತುಕ್ಕು ಹಿಡಿದು ಕೂತಿದೆ, ವಾರದಿಂದ ಎಣ್ಣೆ ಬಿಡುತ್ತಿದ್ದೇನೆ.