ಡೆಲಿವರಿ ಕೆಲಸದಲ್ಲಿ ಮನಸ್ಸು ಸೋಲುವ ಮುನ್ನ

ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ, ಬಳಲಿಕೆ, ಅಂದರೆ ಬರ್ನ್‌ಔಟ್, ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ಕಾಯಿಲೆಯೆಂದು ಕರೆಯದೆ, ಹತೋಟಿಗೆ ಬಾರದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಿತು. ರಜೆಯ ಮರುದಿನವೂ ಲಾಗಿನ್ ಆಗಲು ಕೈ ಏಳದಿದ್ದರೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಿಜಿಸ್ಟರ್ ಬರೆಯಿರಿ ಎಂದಷ್ಟಕ್ಕೇ ಸಿಟ್ಟು ನೆತ್ತಿಗೇರಿದರೆ, ಎಷ್ಟು ಆರ್ಡರ್ ಮುಗಿಸಿದರೂ ಏನೂ ಮಾಡಿಲ್ಲವೆನಿಸಿದರೆ, ಅದನ್ನು ಸೋಮಾರಿತನವೆಂದು ಹಳಿದುಕೊಳ್ಳಬೇಡಿ.

ಮೊದಲು ಮಾಡಬೇಕಾದದ್ದು, ಕೆಲಸ ನಿಲ್ಲಿಸುವ ಹೊತ್ತನ್ನು ಬೆಳಿಗ್ಗೆಯೇ ನಿಶ್ಚಯಿಸಿಕೊಳ್ಳುವುದು. ರಾತ್ರಿ ಹತ್ತೂವರೆಗೆ ನಿಶ್ಚಯಿಸುತ್ತೇನೆಂದರೆ ಆಗದು. ಆಗ ನೀವು ಎಚ್‌ಎಸ್‌ಆರ್ ಲೇಔಟಿನ ಯಾವುದೋ ಡಾರ್ಕ್ ಸ್ಟೋರಿನ (ಆನ್‌ಲೈನ್ ಆರ್ಡರುಗಳಿಗೆಂದೇ ಇರುವ ಗೋದಾಮಿನ) ಮುಂದೆ ಗಾಡಿಯ ಮೇಲೆಯೇ ಕುಳಿತಿರುತ್ತೀರಿ, ಇನ್ನು ಮೂರು ಆರ್ಡರ್ ಮುಗಿಸಿದರೆ ಇನ್ಸೆಂಟಿವ್ ಎಂದು ಮೊಬೈಲ್ ತೋರಿಸುತ್ತಿರುತ್ತದೆ, ಲೆಕ್ಕ ಹಾಕುವ ಶಕ್ತಿ ಆ ಹೊತ್ತಿಗೆ ಉಳಿದಿರುವುದಿಲ್ಲ. ಆದ್ದರಿಂದ ಒಂದು ವಾರ ಪುಟ್ಟ ಪುಸ್ತಕದಲ್ಲಿ ಗಳಿಕೆಯ ಪಕ್ಕದಲ್ಲೇ ಪೆಟ್ರೋಲು, ಊಟ, ಗಾಡಿಯ ಸರ್ವೀಸು ಹಾಗೂ ಆರ್ಡರಿಗಾಗಿ ಕಾದ ಗಂಟೆಗಳನ್ನು ಬರೆದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆಬೇರೆಯಾಗಿ, ಕೈಯಲ್ಲಿ ಉಳಿದ ಹಣವನ್ನು ಆಯಾ ಹೊತ್ತಿನ ಗಂಟೆಗಳಿಂದ ಭಾಗಿಸಿ ನೋಡಿ. ಯಾವ ಗಂಟೆಗಳು ನಿಮಗೆ ದುಡಿದು ಕೊಡುತ್ತವೆ, ಯಾವುವು ಬರಿದೇ ಸವೆಸುತ್ತವೆ ಎಂಬುದು ಅಲ್ಲಿ ಕಾಣುತ್ತದೆ. ಮನೆಬಾಡಿಗೆಯ ವಾರದಲ್ಲಿ ಈ ನಿಯಮ ಮುರಿಯಬಹುದು, ಅದಕ್ಕೆ ಬೇಸರಿಸಬೇಕಾಗಿಲ್ಲ. ಮುಂದಿನ ವಾರ ಮತ್ತೆ ಹಿಡಿಯಿರಿ.

ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನು ಬಿಡಬೇಡಿ. ನಿಮ್ಮ ಏರಿಯಾದ ಪೆಟ್ರೋಲ್ ಬಂಕುಗಳು ಎಲ್ಲೆಲ್ಲಿವೆಯೆಂದು ತಿಳಿದಿರಲಿ.

ದೇಹದ ನೋವಿಗಿಂತ ಹೆಚ್ಚು ನಿದ್ದೆಗೆಡಿಸುವುದು ಆ್ಯಪಿನಲ್ಲಿ ಐಡಿ ಬ್ಲಾಕ್ ಆಗಿ ಕೆಲಸವೇ ನಿಲ್ಲುವ ಭಯ. ಗಿಗ್ ಕಾರ್ಮಿಕರಿಗಾಗಿ, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗಾಗಿ, ಕರ್ನಾಟಕವು 2025ರಲ್ಲಿ ತಂದ ಕಾಯ್ದೆಯ ಪ್ರಕಾರ, ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು. ಗ್ರಾಹಕರೊಡನೆ ಮಾತಿಗೆ ಮಾತು ಬೆಳೆದ ದಿನವೇ ಆರ್ಡರ್ ಸಂಖ್ಯೆ, ಸಮಯ, ಸ್ಕ್ರೀನ್‌ಶಾಟ್‌ಗಳನ್ನು ತೆಗೆದಿಟ್ಟುಕೊಂಡರೆ, ಮುಂದೆ ಪ್ರಶ್ನಿಸುವಾಗ ಕೈಯಲ್ಲಿ ಆಧಾರವಿರುತ್ತದೆ.

ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಬದುಕೇ ಬೇಡವೆನಿಸಿದರಂತೂ ಅಂದೇ, 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕರೆಗೆ ಮುನ್ನ ಲಾಗೌಟ್ ಮಾಡಿ, ಗಾಡಿಯನ್ನು ಪಕ್ಕಕ್ಕೆ ಹಾಕಿ, ಹೆಲ್ಮೆಟ್ ತೆಗೆದು ಕುಳಿತುಕೊಳ್ಳಿ.