ಅಂಗಳದ ಕೃತಕ ಹುಲ್ಲಿಗೆ ತೇಪೆ ಹಾಕುವ ಮೊದಲು ಕೆಳಗಿನ ಮಣ್ಣು ನೋಡಿ

ಕೊಡಗಿನ ಹೋಂಸ್ಟೇಗಳಲ್ಲಿ ಕಾಣುತ್ತಿದ್ದ ಕೃತಕ ಹುಲ್ಲು ಈಗ ಮನೆಗಳ ಅಂಗಳಕ್ಕೂ ಬಂದಿದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮೆಟ್ಟಿಲ ಬುಡ, ಗೇಟಿನ ಹತ್ತಿರ, ಜೋಕಾಲಿಯ ಕೆಳಗೆ ಬೋಳಾಗುತ್ತದೆ. ಆಗ ಹೆಚ್ಚಿನವರು ಪೇಟೆಯಿಂದ ಒಂದು ತುಂಡು ತಂದು, ಅಂಟು ಬಳಿದು ಮೆತ್ತಿಬಿಡುತ್ತಾರೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಗೆ ಅದು ಎದ್ದು ಬರುತ್ತದೆ. ಬೈಸಿಕೊಳ್ಳುವುದು ಅಂಟು.

ಮೊದಲು ಬೋಳಾದ ಜಾಗದ ಮೇಲೆ ನಿಂತು ಕಾಲು ಒತ್ತಿ ನೋಡಿ. ನೆಲ ಗಟ್ಟಿಯಾಗಿದ್ದು ಎಳೆ ಮಾತ್ರ ಮಲಗಿದ್ದರೆ ತೇಪೆಯೇ ಬೇಡ. ಗಡುಸು ಪೊರಕೆಯಿಂದ ಎದುರು ದಿಕ್ಕಿಗೆ ಗುಡಿಸಿ, ಬುಡಕ್ಕೆ ಒಣ ಸಿಲಿಕಾ ಮರಳು ತುಂಬಿದರೆ ಎದ್ದು ನಿಲ್ಲುತ್ತದೆ. ಕಾಲಿಟ್ಟರೆ ನೆಲ ತಗ್ಗಿ ಬದಿಯಿಂದ ಕೆಂಪು ನೀರು ಜಿನುಗಿದರೆ ಮಾತ್ರ ಹಾರೆ ತೆಗೆದುಕೊಳ್ಳಿ.

ಈ ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಕಾಫಿ ಕೊಯ್ಲಿನ ಸಮಯ, ಆಳು ಸಿಗುವುದಿಲ್ಲ ಅಂತೀರಿ, ಗೊತ್ತು. ಆದರೂ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮುಂಚೆ ಮುಗಿಸಿ. ಒದ್ದೆ ಜೇಡಿಮಣ್ಣನ್ನು ಎಷ್ಟು ಗುದ್ದಿದರೂ ಗಟ್ಟಿಯಾಗುವುದಿಲ್ಲ, ಸುಮ್ನೆ ಪಕ್ಕಕ್ಕೆ ಉಬ್ಬುತ್ತದೆ.

ಅಂಚಿನ ಮೊಳೆ ಕಿತ್ತು, ಹುಲ್ಲನ್ನು ಸುರುಳಿ ಸುತ್ತಿ ಬದಿಗಿಡಿ.

ಮಣ್ಣಿನ ಕೆಲಸ

ಜನ ಎಡವುವುದು ಇಲ್ಲೇ. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಅಂಗೈಗಳ ನಡುವೆ ಹೊಸೆಯಿರಿ. ಮುರಿಯದೆ ಪೆನ್ಸಿಲ್‌ಗಿಂತ ತೆಳ್ಳಗಿನ ಬತ್ತಿಯಾದರೆ ಅದು ಅಂಟು ಜೇಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ನೀರನ್ನಂತೂ ಕೆಳಗೆ ಬಿಡುವುದೇ ಇಲ್ಲ. ಹುಲ್ಲಿನ ಬೆನ್ನಲ್ಲಿ ತೂತುಗಳಿದ್ದರೇನು, ಕೆಳಗೆ ನೀರಿಗೆ ದಾರಿ ಬೇಡವೇ?

ತಗ್ಗಿದ ಜಾಗಕ್ಕಿಂತ ಸುತ್ತಲೂ ಅರ್ಧ ಅಡಿ ಜಾಸ್ತಿ ಹಿಡಿದು, ನಾಲ್ಕೈದು ಇಂಚು ಆಳ ತೆಗೆಯಿರಿ. ಇಲ್ಲಿಗೆ ನಿಲ್ಲಿಸಿ ಜಲ್ಲಿ ಸುರಿದರೆ ಅಂಗಳದಲ್ಲಿ ನೀವೇ ಒಂದು ಬಾವಿ ತೋಡಿದಂತೆ. ಸುತ್ತಲಿನ ಜೇಡಿ ನೀರು ಬಿಡುವುದಿಲ್ಲ, ಹಾಗಾಗಿ ಸುರಿದ ಮಳೆಯೆಲ್ಲ ಆ ಗುಂಡಿಗೇ ಬಂದು ಕೂರುತ್ತದೆ. ಗುಂಡಿಯ ತಳದಿಂದ ಅಂಗಳದ ತಗ್ಗಿನ ಕಡೆಗೆ ಒಂದು ಕಿರು ಚರಂಡಿ ತೋಡಲೇಬೇಕು. ನಮ್ಮಲ್ಲಿ ಮನೆಗಳು ಹೆಚ್ಚಾಗಿ ಇಳಿಜಾರಿನಲ್ಲೇ ಇರುವುದರಿಂದ ಇದು ಕಷ್ಟವಲ್ಲ. ಅದರೊಳಗೆ ತೂತಿನ ಪೈಪ್ ಇಟ್ಟು ಸುತ್ತ ಜಲ್ಲಿ ತುಂಬಿ. ಪೈಪಿನ ಬಾಯಿ ಹೊರಗೆ ಕಾಣುವಂತಿರಲಿ, ಇಲ್ಲದಿದ್ದರೆ ಕಟ್ಟಿಕೊಂಡಿದ್ದು ಗೊತ್ತೇ ಆಗುವುದಿಲ್ಲ.

ಆಮೇಲೆ ಗುಂಡಿಯ ತಳಕ್ಕೂ ಬದಿಗೂ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಇದು ನೀರನ್ನು ಬಿಡುತ್ತದೆ, ಜೇಡಿ ಮೇಲೆ ಬಂದು ಜಲ್ಲಿಯ ಸಂದಿ ಮುಚ್ಚದಂತೆ ತಡೆಯುತ್ತದೆ. ಬಟ್ಟೆ ದುಬಾರಿ ಅಂತ ಟಾರ್ಪಾಲ್ ಹಾಸುವವರಿದ್ದಾರೆ, ನೀರು ಅದರ ಮೇಲೇ ನಿಲ್ಲುತ್ತದೆ. ಗೋಣಿಚೀಲ ಕೊಳೆಯುತ್ತದೆ. ನರ್ಸರಿಯ ನೆರಳು ಬಲೆಯಲ್ಲಿ ಜೇಡಿ ಆರಾಮಾಗಿ ನುಸುಳುತ್ತದೆ. ಸಿಮೆಂಟ್ ಎರಚಿ ಗಟ್ಟಿ ಮಾಡುತ್ತೇನೆ ಅನ್ನುವ ಮೇಸ್ತ್ರಿಯ ಮಾತನ್ನಂತೂ ಕೇಳಲೇಬೇಡಿ.

ಬಟ್ಟೆಯ ಮೇಲೆ ಮೂರು ಇಂಚು 20 ಎಂ.ಎಂ. ಜಲ್ಲಿ, ಅದನ್ನು ಗುದ್ದಿ. ಮೇಲೆ ಒಂದೆರಡು ಇಂಚು ಜಲ್ಲಿಪುಡಿ, ಸ್ವಲ್ಪ ನೀರು ಚಿಮುಕಿಸಿ ಮತ್ತೆ ಗುದ್ದಿ. ಹೊಳೆಮರಳು ಬೇಡ, ಅದರ ಕಾಳು ನುಣುಪು, ಕಾಲಿನಡಿ ಜಾರುತ್ತದೆ. ನೇರವಾದ ಒಂದು ರೀಪು ಇಟ್ಟು ಸುತ್ತಲಿನ ನೆಲದ ಮಟ್ಟಕ್ಕೆ ಸರಿಯಿದೆಯೇ ನೋಡಿ. ಹತ್ತು ಅಡಿಗೆ ಸುಮಾರು ಎರಡೂವರೆ ಇಂಚು ಇಳಿಜಾರು ನಾನು ಕೇಳುತ್ತೇನೆ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಇದರ ಅರ್ಧ ಸಾಕು. ಮಳೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಡಿಕೇರಿಯಲ್ಲಿ, ಅದಕ್ಕೂ ಜಾಸ್ತಿ ಸುರಿಯುವ ಭಾಗಮಂಡಲದಲ್ಲಿ ಚೌಕಾಸಿ ಬೇಡ.

ಈಗ ಒಂದು ಬಕೆಟ್ ನೀರು ಸುರಿಯಿರಿ. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಲ್ಲಿ ತೊಟ್ಟಿಕ್ಕಬೇಕು. ಬಾರದೆ ಗುಂಡಿಯಲ್ಲೇ ನಿಂತರೆ ಚರಂಡಿ ಮತ್ತೆ ಬಿಚ್ಚಿ.

ತೇಪೆ

ಹೊಸ ತುಂಡಿನ ಹಸಿರು ಬಿಸಿಲು ತಿಂದ ಹಳೆಯದಕ್ಕೆ ಹೊಂದುವುದಿಲ್ಲ. ಅದಕ್ಕೇ ಹೂಕುಂಡದ ಹಿಂದಿನ ಮೂಲೆಯಿಂದ ಹಳೇ ತುಂಡು ಕತ್ತರಿಸಿ ಇಲ್ಲಿ ಹಾಕಿ, ಹೊಸದನ್ನು ಆ ಮೂಲೆಗೆ ಕೂರಿಸಿ. ಬೆನ್ನಿಗೆ ಸ್ಪಂಜು ಅಂಟಿಸಿದ ಅಗ್ಗದ ಚಾಪೆಗಳನ್ನು ಮಳೆ ಬೀಳುವ ಕಡೆ ಹಾಕಲೇಬೇಡಿ, ನೀರು ಹೀರಿ ಪಾಚಿ ಹಿಡಿಯುತ್ತವೆ.

ಸವೆದ ಭಾಗವನ್ನು ಚೌಕಾಕಾರವಾಗಿ, ಹಿಂಬದಿಯಿಂದ, ಎರಡು ಹೊಲಿಗೆ ಸಾಲುಗಳ ನಡುವೆ ಕತ್ತರಿಸಿ. ಹೊಲಿಗೆಯ ಮೇಲೆ ಬ್ಲೇಡ್ ಹೋದರೆ ಎಳೆಗಳು ಒಂದೊಂದೇ ಉದುರುತ್ತವೆ. ತೇಪೆಯ ಎಳೆಗಳು ಯಾವ ಕಡೆಗೆ ವಾಲಿವೆ ಎಂದು ಕೈ ಸವರಿ ನೋಡಿ. ಹಳೆಯದೂ ಅದೇ ಕಡೆಗೆ ವಾಲಿರಬೇಕು, ತಿರುಗುಮುರುಗಾದರೆ ಬಣ್ಣ ಒಂದೇ ಇದ್ದರೂ ದೂರದಿಂದಲೇ ಬೇರೆಯಾಗಿ ಕಾಣುತ್ತದೆ.

ಮಂಜಿನ ಬೆಳಗಿನಲ್ಲಿ ಅಂಟು ಮುಟ್ಟಬೇಡಿ. ಇಬ್ಬನಿ ಆರಿ, ಹಾಸಿನ ಬೆನ್ನು ಕೈಗೆ ಒಣಗಿದಂತೆ ಸಿಗಲಿ. ಸುರುಳಿ ಬಿಡಿಸಿ, ಅಂಚುಗಳ ಕೆಳಗೆ ಸೀಮ್ ಟೇಪ್ (ಎರಡು ತುಂಡು ಕೂಡಿಸುವ ಪಟ್ಟಿ) ಹಾಸಿ, ಟೇಪಿಗೆ ಪಾಲಿಯುರೆಥೇನ್ ಅಂಟು ಬಳಿಯಿರಿ. ಮರಕ್ಕೆ ಹಚ್ಚುವ ಬಿಳಿ ಅಂಟು ಮಳೆಗೆ ಕರಗುತ್ತದೆ. ಎರಡೂ ಅಂಚಿನ ಎಳೆಗಳನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ, ಒಂದೂ ಕೆಳಗೆ ಸಿಕ್ಕಿಕೊಳ್ಳದಂತೆ ಕೂರಿಸಿ. ನಡುವೆ ಒಂದೆರಡು ಮಿ.ಮೀ. ಸಂದು ಇರಲಿ, ಒತ್ತಿ ಸೇರಿಸಿದರೆ ಬಿಸಿಲಿಗೆ ಹಿಗ್ಗಿ ಗೀರಿನಂತೆ ಎದ್ದು ಕಾಣುತ್ತದೆ. ಮೇಲೆ ಹಲಗೆ ಇಟ್ಟು ಇಟ್ಟಿಗೆ ಹೇರಿ, ಒಂದು ದಿನ ಯಾರೂ ತುಳಿಯದಂತೆ ನೋಡಿಕೊಳ್ಳಿ.

ಮೊಳೆ ಹೊಡೆಯಿರಿ, ಮರಳು ತುಂಬಿ, ಗುಡಿಸಿ. ಜಾಗ ಚೊಕ್ಕಟವಾಯಿತೆಂದು ಅದರ ಮೇಲೆ ಕರಿಮೆಣಸು ಒಣಗಿಸಲು ಹೋಗಬೇಡಿ. ಕಾಳು ಎಳೆಗಳ ಬುಡಕ್ಕೆ ಇಳಿದರೆ ಹೆಕ್ಕಿ ತೆಗೆಯುವುದು ನೀವೇ.