ನಿಂತೇ ಹೋಗಿದ್ದ ಹಾಲು ಏಳು ವಾರದಲ್ಲಿ ಮರಳಿ ಬಂತು: ನನ್ನ ಅನುಭವ

ಮೊನ್ನೆ ಮಗಳಿಗೆ ಆರು ತಿಂಗಳು ತುಂಬಿತು. ಕಡೆಯ ಎರಡೂವರೆ ತಿಂಗಳು ಅವಳು ಕುಡಿದದ್ದು ನನ್ನ ಹಾಲು ಮಾತ್ರ. ಆದರೆ ಅವಳು ಎಂಟು ವಾರದ ಕೂಸಾಗಿದ್ದಾಗ, ಪಂಪ್ ಇಟ್ಟರೆ ಎರಡೂ ಕಡೆ ಸೇರಿ 15 ಎಂಎಲ್ ಬಂದರೆ ಹೆಚ್ಚು. ‘ಬತ್ತಿದ ಮೇಲೆ ಮುಗೀತು, ಸುಮ್ನೆ ಯಾಕೆ ಒದ್ದಾಡ್ತೀಯ’ ಎಂದು ಅಮ್ಮ ಹೇಳಿದರು, ಅತ್ತೆ ಹೇಳಿದರು, ಎರಡು ಮಕ್ಕಳಿಗೆ ಹಾಲೂಡಿಸಿದ ನನ್ನ ಒಡಹುಟ್ಟಿದ ಅಕ್ಕನೂ ಹೇಳಿದಳು. ಒಬ್ಬ ಡಾಕ್ಟರು ತಲೆ ಎತ್ತದೆಯೇ ‘ಫಾರ್ಮುಲಾನೇ (ಡಬ್ಬಿಯ ಪುಡಿಹಾಲು) ಮುಂದುವರಿಸಿ’ ಎಂದರು. ಅವರೆಲ್ಲರಿಗೂ ಉತ್ತರ ಸಿಕ್ಕಿದೆ. ಈಗ ಬರೆಯುತ್ತಿರುವುದು ಅದೇ ಜಾಗದಲ್ಲಿ ನಿಂತಿರುವ ಬೇರೆ ತಾಯಂದಿರಿಗಾಗಿ. ಲ್ಯಾಚ್ (ಮಗು ಎದೆಯನ್ನು ಬಾಯಿಂದ ಹಿಡಿಯುವ ಬಗೆ) ಎಂದರೇನು, ಪಂಪ್ ಹೇಗೆ ಜೋಡಿಸುವುದು ಎಂಬುದೆಲ್ಲ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ಕೆಟ್ಟದ್ದು ಹೇಗೆ ಎಂದು ಹೇಳಬೇಕು. ಹುಟ್ಟಿದಾಗ ಮಗು 2.9 ಕೆಜಿ. ನಾಲ್ಕನೇ ದಿನ 2.6. ಹತ್ತರಲ್ಲಿ ಒಂದು ಪಾಲು ತೂಕ ಇಳಿದಿದೆ ಎಂದು ಎಲ್ಲರಿಗೂ ಗಾಬರಿ. ಮೇಲುಹಾಲು, ಅಂದರೆ ಬಾಟಲಿಯಲ್ಲಿ ಫಾರ್ಮುಲಾ, ಶುರು ಮಾಡಿದರು. ಆಗ ಅದು ಬೇಕಿತ್ತು, ಅದನ್ನು ನಾನು ತಪ್ಪು ಎನ್ನುವುದಿಲ್ಲ. ತಪ್ಪಿದ್ದು ಬೇರೆ ಕಡೆ. ಬಾಟಲಿ ಕೊಟ್ಟ ಪ್ರತಿ ಸಲವೂ ಅಷ್ಟೇ ಹಾಲನ್ನು ನಾನು ಹಿಂಡಿ ತೆಗೆಯಬೇಕಿತ್ತು. ಅದನ್ನು ಯಾರೂ ಹೇಳಲಿಲ್ಲ. ಎದೆಯಲ್ಲಿ ಹಾಲು ನಿಂತಷ್ಟೂ ಮುಂದಿನ ಹಾಲು ಕಡಿಮೆ ಹುಟ್ಟುತ್ತದೆ. ಎರಡು ಬಾಟಲಿ ನಾಲ್ಕಾಯಿತು, ನಾಲ್ಕು ಎಂಟಾಯಿತು. ಎಂಟನೇ ವಾರಕ್ಕೆ ದಿನಕ್ಕೆ ಸುಮಾರು 600 ಎಂಎಲ್ ಫಾರ್ಮುಲಾ ಹೋಗುತ್ತಿತ್ತು. ಎದೆಗೆ ಹಿಡಿದರೆ ಮಗು ಬೆನ್ನು ಬಿಲ್ಲಿನಂತೆ ಮಾಡಿಕೊಂಡು ಕಿರುಚುತ್ತಿತ್ತು. ಆ ಕಿರುಚಾಟ ಕೇಳಿದವರಿಗೆ ಮಾತ್ರ ಗೊತ್ತು ಅದೆಷ್ಟು ನೋವು ಎಂದು.

ನಾನು ಮೊದಲು ಮಾಡಿದ್ದು ದೊಡ್ಡ ತಪ್ಪು. ಬಾಟಲಿ ನಿಲ್ಲಿಸಿಬಿಟ್ಟರೆ ಹಸಿವಿಗೆ ತಾನೇ ಎದೆಗೆ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಒಂದು ದಿನ ಫಾರ್ಮುಲಾ ಪೂರ್ತಿ ಬಿಟ್ಟೆ. ಸಂಜೆಯ ಹೊತ್ತಿಗೆ ಒದ್ದೆ ಡಯಪರ್ ಎರಡೇ. ದಿನಕ್ಕೆ ಆರಾದರೂ ಬೇಕು ಅಲ್ವಾ. ಮಗು ಅಳುವುದನ್ನೂ ಬಿಟ್ಟು ಮಂಕಾಗಿ ಮಲಗಿತ್ತು. ಆ ರಾತ್ರಿ ನೆನೆದರೆ ಈಗಲೂ ಕೈ ನಡುಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಪುಡಿಗೆ ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡುವುದನ್ನೂ ಮಾಡಬೇಡಿ, ಅದು ಇನ್ನೂ ಅಪಾಯ. ಹಾಲು ಮರಳಿ ತರಿಸುವಾಗ ಮಗುವಿನ ಹೊಟ್ಟೆ ಒಂದು ದಿನವೂ ಖಾಲಿ ಇರಬಾರದು.

ಇನ್ನು ಪಂಪಿನ ಕಥೆ. ಹೆಚ್ಚು ದುಡ್ಡು ಕಳೆದದ್ದು ಇಲ್ಲೇ. ಮೊದಲು ಕೊಂಡದ್ದು ಒಂದು ಕಡೆ ಮಾತ್ರ ಎಳೆಯುವ ಅಗ್ಗದ ಪಂಪ್. ಮೂರು ವಾರದಲ್ಲಿ ಮೋಟಾರು ಸೋತಿತು. ಎರಡನೆಯದು ಎರಡೂ ಕಡೆಯದು, ಒಳ್ಳೆಯದೇ, ತಿಂಗಳ ಸಂಬಳದ ಐದರಲ್ಲಿ ಒಂದು ಭಾಗ ಅದಕ್ಕೇ ಹೋಯಿತು. ಆದರೂ ಹಾಲು ಬರಲಿಲ್ಲ, ತೊಟ್ಟು ಮಾತ್ರ ಬಿರಿಯಿತು. ಕಾರಣ ಗೊತ್ತಾಗಲು ಎರಡು ವಾರ ಬೇಕಾಯಿತು: ಡಬ್ಬಿಯಲ್ಲಿ ಬಂದ, ತೊಟ್ಟು ಕೂರುವ ಕೊಳವೆಯ ಬಾಯಿ 24 ಮಿಮೀ, ನನಗೆ ಬೇಕಿದ್ದದ್ದು 19. ಚಿಕ್ಕದನ್ನು ಬೇರೆಯಾಗಿ ತರಿಸಿದೆ. ಪಂಪಿನ ಬೆಲೆಯ ಮುಂದೆ ಅದು ಚಿಲ್ಲರೆ ಕಾಸು. ಅದೇ ದಿನ ಹಾಲು ಹೆಚ್ಚುಕಡಿಮೆ ಒಂದೂವರೆ ಪಾಲಾಯಿತು. ಹಾಲು ಹೆಚ್ಚಿಸುತ್ತದೆ ಎಂದು ಮಾರುವ ಪುಡಿಯ ಡಬ್ಬಿಗಳಿಗೂ ದುಡ್ಡು ಸುರಿದೆ. ಎರಡು ಡಬ್ಬಿ ಖಾಲಿಯಾದರೂ ನನ್ನ ಲೆಕ್ಕದ ಪುಸ್ತಕದಲ್ಲಿ ಐದು ಎಂಎಲ್ ಕೂಡ ಏರಲಿಲ್ಲ. ಆ ದುಡ್ಡಿಗೆ ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡಿದ್ದರೆ ದಿನಕ್ಕೆ ಎರಡು ಗಂಟೆ ನಿದ್ದೆಯಾದರೂ ಸಿಗುತ್ತಿತ್ತು.

ದಾರಿ ತಿರುಗಿದ್ದು ಗುಂಪಿನಿಂದ. ನಾವು ಐದು ಜನ. ಇಬ್ಬರು ಎಳೆ ಬಾಣಂತಿಯರು, ಇಬ್ಬರು ಬಸುರಿಯರು. ಐದನೆಯವಳು ಎರಡನೇ ಮಗುವಿಗೆ ಒಂದೂವರೆ ವರ್ಷದಿಂದ ಹಾಲೂಡಿಸುತ್ತಿದ್ದವಳು, ಅವಳನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ವಾರಕ್ಕೊಂದು ದಿನ ಒಬ್ಬರ ಮನೆಯಲ್ಲಿ ಸೇರುತ್ತಿದ್ದೆವು. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಏಳು ತಾಯಂದಿರು ಹೀಗೇ ಮನೆಯಲ್ಲಿ ಕೂತು ಶುರು ಮಾಡಿದ್ದೇ ಹಾಲೂಡಿಸುವ ತಾಯಂದಿರಿಗೆ ನೆರವಾಗುವ ಲಾ ಲೆಚೆ ಲೀಗ್ ಎಂಬ ಸಂಘಟನೆ ಎಂದು ಅಕ್ಕ ಹೇಳಿದಾಗ ನಮಗೆಲ್ಲ ಒಂದು ಬಲ ಬಂತು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಿಂತ ಹಾಲನ್ನು ಮರಳಿ ತರಿಸುವುದರ ಬಗ್ಗೆ ಕಿರುಹೊತ್ತಿಗೆ ತಂದಿದೆ ಎಂದು ತೋರಿಸಿದವಳೂ ಅವಳೇ. ನಾನು ಕಾಣದ ತಾಯಂದಿರು ಎಷ್ಟೋ ಜನ ಇದನ್ನು ಮಾಡಿ ಗೆದ್ದಿದ್ದಾರೆ ಎಂದು ಅಂದೇ ತಿಳಿದದ್ದು.

ಗುಂಪಿನಲ್ಲಿ ಎಲ್ಲರೂ ಪಾಲು ಹಾಕಿ ಮಗುವಿನ ತೂಕದ ಯಂತ್ರ ಕೊಂಡೆವು. ನನ್ನ ಇಡೀ ಖರ್ಚಿನಲ್ಲಿ ಸಾರ್ಥಕವಾದದ್ದು ಅದೊಂದೇ ಎನ್ನಬಲ್ಲೆ. ಹಾಲೂಡಿಸುವ ಮೊದಲು ತೂಗು, ಆಮೇಲೆ ಅದೇ ಬಟ್ಟೆ, ಅದೇ ಡಯಪರಿನಲ್ಲಿ ಮತ್ತೆ ತೂಗು. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಮೊದಲ ವಾರ ನನ್ನದು 10, 15 ಗ್ರಾಂ. ಆ ಅಂಕಿ ನೋಡಿ ಅತ್ತುಬಿಟ್ಟೆ. ಅಕ್ಕ ಮಾತ್ರ ‘ಬತ್ತಿದ ಎದೆಯಲ್ಲಿ ಹದಿನೈದು ಎಲ್ಲಿಂದ ಬಂತೇ?’ ಎಂದಳು. ಆ ಮಾತು ಹಿಡಿದುಕೊಂಡೇ ಮುಂದಿನ ವಾರ ದಾಟಿದೆ.

ಈಗ ಅಸಲು ವಿಧಾನ. ಮೂಗಿನಿಂದ ಹೊಟ್ಟೆಗೆ ಹಾಲು ಬಿಡಲು ಆಸ್ಪತ್ರೆಯಲ್ಲಿ ಬಳಸುವ ಸಣ್ಣ ನಳಿಕೆ ಇದೆಯಲ್ಲ, 5ನೇ ನಂಬರಿನದು, ಅದೇ ಸಾಕು. ಒಂದು ತುದಿ ಹಾಲಿನ ಲೋಟದಲ್ಲಿ, ಇನ್ನೊಂದು ತುದಿ ತೊಟ್ಟಿನ ಪಕ್ಕ. ಮಗು ಎದೆಯನ್ನು ಚೀಪಿದರೆ ಲೋಟದ ಹಾಲು ಬರುತ್ತದೆ. ಹೊಟ್ಟೆಯೂ ತುಂಬುತ್ತದೆ, ಎದೆಗೂ ಹಾಲು ಮಾಡು ಎಂಬ ಆಜ್ಞೆ ಹೋಗುತ್ತದೆ. ಲೋಟ ಮೇಲೆತ್ತಿದರೆ ಹರಿವು ಜೋರು, ಕೆಳಗಿಳಿಸಿದರೆ ನಿಧಾನ. ಶುರುವಿನಲ್ಲಿ ಲೋಟವನ್ನು ಹೆಗಲ ಎತ್ತರಕ್ಕೆ ಹಿಡಿಯುತ್ತಿದ್ದೆ, ನಾಲ್ಕನೇ ವಾರಕ್ಕೆ ತೊಡೆಯ ಮೇಲೆ. ಹಿಡಿಯಲು ಮೂರನೇ ಕೈ ಬೇಕು. ಗಂಡ ರಾತ್ರಿ ಹಿಡಿದರು, ಅತ್ತೆ ಹಗಲು. ‘ಇದೇನು ಹುಚ್ಚು’ ಎಂದವರೇ ಅತ್ತೆ, ಹತ್ತನೇ ದಿನದಿಂದ ಲೋಟ ಹಿಡಿದು ಕೂತು ನನಗಿಂತ ಮೊದಲೇ ಮಗುವಿನ ಗುಟುಕು ಎಣಿಸತೊಡಗಿದರು. ನಳಿಕೆಯನ್ನು ಬಳಸಿದ ತಕ್ಷಣ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯಬೇಕು. ಒಳಗೆ ಮಬ್ಬು ಕಂಡರೆ ಎಸೆಯಿರಿ. ಅದು ಅಗ್ಗದ ವಸ್ತು, ಜಿಪುಣತನ ಬೇಡ.

ನಳಿಕೆಯ ತುದಿ ಎಲ್ಲಿ, ಯಾವ ಓರೆಯಲ್ಲಿ ಅಂಟಿಸಿದರೆ ಮಗು ನಾಲಗೆಯಿಂದ ತಳ್ಳುವುದಿಲ್ಲ ಎಂಬುದಕ್ಕೆ ಒಂದು ಕೈಚಳಕ ಇದೆ. ನಾನೇ ಕಂಡುಕೊಂಡದ್ದು. ಅದನ್ನು ಬರೆದು ಹೇಳುವುದಿಲ್ಲ, ಎದುರು ಕೂತವರಿಗೆ ಕೈ ಹಿಡಿದು ತೋರಿಸುತ್ತೇನೆ. ಕಿರುಚುವ ಮಗುವನ್ನು ಎದೆಗೆ ಒಪ್ಪಿಸಿದ ಬಗೆಯನ್ನು ಮಾತ್ರ ಹೇಳಲೇಬೇಕು. ಹಸಿದು ಅಳುವಾಗ ಎದೆ ಕೊಡಲೇ ಇಲ್ಲ. ಮೊದಲು ಬಾಟಲಿಯಲ್ಲಿ 20 ಎಂಎಲ್ ಕೊಟ್ಟು ಸಮಾಧಾನ ಮಾಡಿ, ಮೈಗೆ ಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಂಡು, ಅರೆನಿದ್ದೆಯಲ್ಲಿ ಬಾಯಿ ತೆರೆದಾಗ ಕೊಟ್ಟೆ. ನಾನು ಹಿಂದಕ್ಕೆ ಒರಗಿರುತ್ತಿದ್ದೆ, ಅವಳು ಹೊಟ್ಟೆಯ ಮೇಲೆ ಕವುಚಿ. ಹನ್ನೊಂದು ದಿನ ಬೇಕಾಯಿತು. ಹನ್ನೆರಡನೆಯ ದಿನ ನಸುಕಿನಲ್ಲಿ ತಾನೇ ತಲೆ ಆಡಿಸಿ ಹುಡುಕಿ ಹಿಡಿದಳು.

ದಿನಕ್ಕೆ ಎಂಟರಿಂದ ಹತ್ತು ಸಲ ಎದೆ, ಆಮೇಲೆ ಹತ್ತು ಹದಿನೈದು ನಿಮಿಷ ಪಂಪ್. ರಾತ್ರಿ ಒಂದು ಸಲವಂತೂ ತಪ್ಪಿಸಬಾರದು, ಹಾಲು ಹುಟ್ಟಿಸುವ ಹಾರ್ಮೋನು ರಾತ್ರಿ ಜಾಸ್ತಿ. ಪಂಪಿನ ಹಾಲು ಮೊದಲ ವಾರ ದಿನಕ್ಕೆ ಸುಮಾರು 90, ಎರಡನೇ ವಾರ 150, ನಾಲ್ಕನೇ ವಾರ ಎದೆಯಿಂದ ಕುಡಿದದ್ದೂ ಸೇರಿ 300 ಮುಟ್ಟಿತು. ಫಾರ್ಮುಲಾವನ್ನು ಮೂರು ನಾಲ್ಕು ದಿನಕ್ಕೊಮ್ಮೆ 50 ಎಂಎಲ್ ಮಾತ್ರ ಇಳಿಸಿದೆ. ವಾರಕ್ಕೆ 150 ಗ್ರಾಂ ತೂಕ ಏರಿದರೆ ಮುಂದಿನ ಮೆಟ್ಟಿಲು. ಐದನೇ ವಾರ 60 ಗ್ರಾಂ ಮಾತ್ರ ಏರಿತು. ಒಂದು ಮೆಟ್ಟಿಲು ವಾಪಸ್ ಹೋದೆ. ಮನಸ್ಸು ಕುಸಿಯಿತು, ಆದರೆ ಅದೇ ಸರಿಯಾದ ನಿರ್ಧಾರ. ಇದೆಲ್ಲಕ್ಕೂ ಒಬ್ಬ ಮಕ್ಕಳ ಡಾಕ್ಟರು ಜೊತೆಗಿದ್ದರು, ಮೊದಲಿನವರಲ್ಲ, ಬೇರೆಯವರು. ಏಳನೇ ವಾರದ ಕೊನೆಗೆ ಡಬ್ಬಿ ತೆರೆಯುವುದು ನಿಂತಿತು. ಎಲ್ಲ ಸೇರಿ 13 ಡಬ್ಬಿ ಮುಗಿದಿತ್ತು. 400 ಗ್ರಾಮಿನ ಡಬ್ಬಿ ಮೊದಲು ಐದು ದಿನಕ್ಕೆ ಖಾಲಿ, ಕೊನೆಯದು ಮೂರು ವಾರ ಬಂತು. ತೆರೆದ ಡಬ್ಬಿಯನ್ನು ಅಷ್ಟು ದಿನ ಇಟ್ಟುಕೊಳ್ಳಲು ನಮ್ಮ ಡಬ್ಬಿಯ ಮೇಲಿನ ಸೂಚನೆ ಒಪ್ಪುತ್ತಿತ್ತು, ನಿಮ್ಮದನ್ನು ಓದಿ ನೋಡಿ.

ನಡುವೆ ಒಂದು ಸಲ ಹಾಲು ಕಟ್ಟಿ ಜ್ವರ ಬಂತು. ಎಡಗಡೆ ಕಲ್ಲಿನಂಥ ಗಂಟು, ಮೇಲೆ ಕೆಂಪು. ಬಿಸಿ ಶಾಖ ಕೊಟ್ಟು ಗಟ್ಟಿಯಾಗಿ ತಿಕ್ಕಿದೆ, ಬರೀ ಪಂಪ್ ಮಾಡಿದೆ. ಎರಡೂ ಊತ ಹೆಚ್ಚಿಸಿದವು. ಈಗಿನ ಸಲಹೆ ಬೇರೆ: ತಣ್ಣನೆಯ ಪಟ್ಟಿ, ಹಗುರವಾದ ಕೈ, ಎಂದಿನಷ್ಟೇ ಹಾಲೂಡಿಕೆ. 2022ರಲ್ಲಿ ಎದೆಹಾಲಿನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ ಹೇಳಿದ್ದೂ ಇದನ್ನೇ. ಒಂದು ದಿನದಲ್ಲಿ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ನಾನು ಎರಡು ದಿನ ತಡ ಮಾಡಿ ಆಂಟಿಬಯೋಟಿಕ್ ನುಂಗಬೇಕಾಯಿತು.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಇಪ್ಪತ್ತು ನಿಮಿಷ ಪಂಪ್, ಹತ್ತು ಬಿಡುವು, ಹತ್ತು ಪಂಪ್, ಹತ್ತು ಬಿಡುವು, ಮತ್ತೆ ಹತ್ತು ಪಂಪ್. ಹೀಗೆ ಒಂದು ಗಂಟೆ ಕೂರುವ ಪದ್ಧತಿಯನ್ನು ಹತ್ತು ದಿನ ಮಾಡಿದೆ. ನನಗೆ ಸಿಕ್ಕಿದ್ದು ದಿನಕ್ಕೆ 15 ಎಂಎಲ್ ಹೆಚ್ಚು. ಅದೇ ಗಂಟೆ ಮಗುವನ್ನು ಎದೆಗಿಟ್ಟುಕೊಂಡು ಮಲಗಿದ ದಿನ ಹೆಚ್ಚು ಬಂತು. ಪಂಪ್ ಆದ ಮೇಲೆ ಕೈಯಿಂದ ಎರಡು ನಿಮಿಷ ಹಿಂಡುವುದು ಮಾತ್ರ ಪ್ರತಿ ಸಲ ಫಲ ಕೊಟ್ಟಿತು.

ಐದನೇ ತಿಂಗಳು ಕೆಲಸಕ್ಕೆ ಮರಳುವ ಮೊದಲು ಫ್ರೀಜರಿನಲ್ಲಿ 18 ಚೀಲ ಹಾಲು ಕೂಡಿಟ್ಟೆ. ಕರಗಿಸಿದರೆ ಸೋಪಿನ ವಾಸನೆ. ಮಗು ಬಾಯಿಗೇ ಬಿಡಲಿಲ್ಲ. ಹಾಲು ಕೆಟ್ಟಿರಲಿಲ್ಲ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದಾಗ ಆ ವಾಸನೆ ಬರುತ್ತದೆ. ಆಮೇಲಿಂದ ಹಿಂಡಿದ ಹಾಲನ್ನು ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಕಾಯಿಸಿ, ಕುದಿಸದೆ, ತಕ್ಷಣ ತಣಿಸಿ ಫ್ರೀಜರಿಗೆ ಹಾಕಿದೆ. ಮಗಳು ಗಟಗಟ ಕುಡಿದಳು. ಹಳೆಯ 18 ಚೀಲ ಚೆಲ್ಲುವಾಗ ಹೊಟ್ಟೆ ಉರಿಯಿತು. ಮೊದಲೇ ಒಂದು ಚೀಲ ಕರಗಿಸಿ ಮೂಸಿ ನೋಡಿ, ಆಮೇಲೆ ಕೂಡಿಡಿ.

ಗುಂಪಿನ ಬಸುರಿಯರ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇಬ್ಬರೂ ನನ್ನ ಪಕ್ಕದಲ್ಲೇ ಕೂತು ತೂಗಿದರು, ನಳಿಕೆ ತೊಳೆದರು, ಲ್ಯಾಚ್ ತಪ್ಪಿದಾಗ ಆಗುವ ಚಪ್ಪಟೆ ತೊಟ್ಟನ್ನು ಕಣ್ಣಾರೆ ನೋಡಿದರು. ಒಬ್ಬಳಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು. ಅಂಥ ತಾಯಂದಿರ ಮಕ್ಕಳಿಗೆ ಹುಟ್ಟಿದ ಮೇಲೆ ರಕ್ತದ ಸಕ್ಕರೆ ಇಳಿಯುವ ಭಯ ಇರುತ್ತದೆ. ಡಾಕ್ಟರ ಒಪ್ಪಿಗೆ ಪಡೆದು ಅವಳು 37ನೇ ವಾರದಿಂದ ಗಿಣ್ಣುಹಾಲನ್ನು ಕೈಯಿಂದ ಹಿಂಡಿ ಸಣ್ಣ ಸಿರಿಂಜುಗಳಲ್ಲಿ ಫ್ರೀಜರಿನಲ್ಲಿಟ್ಟಳು. ಕೆಲವು ದಿನ ಬರೀ ನಾಲ್ಕು ಹನಿ. ಹೆರಿಗೆಗೆ ಹೋಗುವಾಗ ಒಂಬತ್ತು ಸಿರಿಂಜು ಕೈಯಲ್ಲಿತ್ತು. ಅವಳ ಮಗುವಿಗೆ ಮೇಲುಹಾಲು ಬೇಕಾಗಲೇ ಇಲ್ಲ.

ಇನ್ನೊಬ್ಬಳಿಗೆ ಹೆರಿಗೆಯಾಗಿ ಐದು ವಾರ. ಅವಳದು ನನ್ನದೇ ಕಥೆ, ದಿನಕ್ಕೆ 400 ಎಂಎಲ್ ಮೇಲುಹಾಲು. ಒಂಬತ್ತು ದಿನದ ಹಿಂದೆ ನಳಿಕೆ ಶುರು ಮಾಡಿದೆವು. ತೂಕದ ಯಂತ್ರ ಈಗ ಅವಳ ಮನೆಯಲ್ಲಿದೆ. ನಿನ್ನೆ ರಾತ್ರಿ ಎರಡೂವರೆಗೆ ಫೋನ್ ಮಾಡಿದಳು: ‘ಅಕ್ಕಾ, ಒಂದೇ ಸಲಕ್ಕೆ 35!’ ನಾನೂ ಹಾಲೂಡಿಸುತ್ತಾ ಎಚ್ಚರವೇ ಇದ್ದೆ. ಲೋಟವನ್ನು ಇವತ್ತಿನಿಂದ ಎರಡು ಬೆರಳು ಕೆಳಗಿಳಿಸು ಎಂದೆ.